ಉಡಾವಣೆಗೆ ಮುಂಚೆ ರೀಡಿಂಗ್ ಕೈಕೊಟ್ಟರೆ: ಉಪಗ್ರಹಕ್ಕೆ ಕೈ ಹಾಕುವ ಮೊದಲು ನೋಡಬೇಕಾದ್ದು

ರಾತ್ರಿ ಶಿಫ್ಟ್. ಕ್ಲೀನ್‌ರೂಮ್‌ನಲ್ಲಿ (ಧೂಳು ಬರದ ಹಾಗೆ ಕಾಯುವ ರೂಮು) ಎಸಿ 22 ಡಿಗ್ರಿಗೆ ನಿಂತಿದೆ. ಉಪಗ್ರಹ ಸ್ಟ್ಯಾಂಡ್ ಮೇಲೆ ಕೂತಿದೆ, ಯಾರೂ ಮುಟ್ಟಿಲ್ಲ. ಆದರೆ ಬ್ಯಾಟರಿಯ ತಾಪಮಾನ ಮೈನಸ್ 58 ಡಿಗ್ರಿ ಅಂತ ಪರದೆ ಮೇಲೆ ಕೆಂಪಗೆ ಬಂತು. ಎರಡು ಸೆಕೆಂಡ್ ಅಷ್ಟೇ, ಮತ್ತೆ 23. ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಇನ್ನೇನು ಕಾಫಿ ಕುಡಿಯೋಣ ಅಂತ ಎದ್ದರೆ ಮತ್ತೆ ಮೈನಸ್ 58.

ಇದು ನನಗೇ ಆಗಿದ್ದು. ಯಾವ ಉಪಗ್ರಹ, ಯಾವ ಕಂಪನಿ ಅನ್ನೋದು ಬೇಡ. ಸಣ್ಣ ಉಪಗ್ರಹ, ಸಣ್ಣ ತಂಡ, ಬಾಕ್ಸಿಗೆ ತುಂಬಿ ಶ್ರೀಹರಿಕೋಟಕ್ಕೆ ಕಳಿಸಲು ಕೆಲವೇ ದಿನ ಉಳಿದಿತ್ತು. ಆ ದೋಷ ಹುಡುಕಲು ನಾವು ಪಟ್ಟ ಪಾಡನ್ನೇ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈಗ ಬೆಂಗಳೂರಿನಲ್ಲೇ ಕಾಲೇಜು ತಂಡಗಳು, ಹೊಸ ಕಂಪನಿಗಳು ಉಪಗ್ರಹ ಮಾಡುತ್ತಿವೆ. 2010ರ ಜುಲೈ 12ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ15 ರಾಕೆಟ್‌ನಲ್ಲಿ ಹೋದ ಸ್ಟಡ್‌ಸ್ಯಾಟ್ ಒಂದು ಕಿಲೋಗಿಂತ ಕಡಿಮೆ ತೂಕದ್ದು, ಇಂಜಿನಿಯರಿಂಗ್ ವಿದ್ಯಾರ್ಥಿಗಳೇ ಮಾಡಿದ್ದು. ಅಂಥ ತಂಡದಲ್ಲಿ ಮೊದಲ ಸಲ ಚೆಕ್‌ಔಟ್ (ಉಡಾವಣೆಗೆ ಮುಂಚಿನ ಪರೀಕ್ಷೆ) ಟೇಬಲ್ ಮುಂದೆ ಕೂರುವವರಿಗೆ ಇದು.

ಮೊದಲ ಹತ್ತು ನಿಮಿಷ: ಕೈ ಕಟ್ಟಿಕೊಂಡು ಕೂತ್ಕೊಳ್ಳಿ

ಕೆಂಪು ಬಂದ ಕೂಡಲೇ ಎಲ್ಲರಿಗೂ ಒಂದೇ ಚಪಲ. ಪವರ್ ಆಫ್ ಮಾಡಿ ಆನ್ ಮಾಡು, ಕನೆಕ್ಟರ್ ತೆಗೆದು ಮತ್ತೆ ಹಾಕು. ಮನೆಯ ಸೆಟ್‌ಟಾಪ್ ಬಾಕ್ಸ್‌ಗೆ ಮಾಡುವ ವೈದ್ಯ. ದಯವಿಟ್ಟು ಮಾಡಬೇಡಿ. ಕನೆಕ್ಟರ್ ತೆಗೆದು ಹಾಕಿದ ಮರುಕ್ಷಣ ದೋಷ ಮಾಯವಾಗಬಹುದು, ಆಮೇಲೆ ಅದು ಎಲ್ಲಿತ್ತು ಅಂತ ಹೇಳಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ.

ಇದಕ್ಕೆ ವಿನಾಯಿತಿ ಒಂದೇ: ಅಪಾಯ. ಬ್ಯಾಟರಿ ಚಾರ್ಜ್ ಆಗುತ್ತಿದ್ದು ಅದರ ತಾಪಮಾನವೋ ವೋಲ್ಟೇಜೋ ನಂಬಲು ಆಗದ ಹಾಗಿದ್ದರೆ ಚಾರ್ಜ್ ನಿಲ್ಲಿಸಿ. ಲಿಥಿಯಂ ಅಯಾನ್ ಬ್ಯಾಟರಿ ಜೊತೆ ಧೈರ್ಯ ತೋರಿಸಬಾರದು. ಕರೆಂಟ್ ಏರುತ್ತಾ ಹೋಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಯಾರನ್ನೂ ಕೇಳದೆ ಪವರ್ ತೆಗೆಯಿರಿ. ಇವೆರಡೂ ಅಲ್ಲ ಅಂದ್ರೆ ಮುಟ್ಟಬೇಡಿ.

ಆ ಹತ್ತು ನಿಮಿಷದಲ್ಲಿ ಬರೆದುಕೊಳ್ಳಿ. ದೋಷ ಬಂದ ಸಮಯ ಸೆಕೆಂಡ್ ಸಮೇತ, ಅದಕ್ಕೆ ಮುಂಚೆ ಕಳಿಸಿದ ಕೊನೆಯ ಕಮಾಂಡ್, ಯಾವ ಯಾವ ಬಾಕ್ಸ್ ಆನ್ ಇತ್ತು, ರೂಮಿನಲ್ಲಿ ಯಾರು ಇದ್ದರು, ಎಲ್ಲಿ ನಿಂತಿದ್ದರು. ಕೊನೆಯದು ತಮಾಷೆ ಅನ್ನಿಸಬಹುದು. ನಮ್ಮ ಕೇಸ್‌ನಲ್ಲಿ ಅರ್ಧ ಉತ್ತರ ಸಿಕ್ಕಿದ್ದು ಅಲ್ಲೇ. ಲಾಗ್ ಫೈಲನ್ನು ಬೇರೆ ಕಡೆ ಕಾಪಿ ಮಾಡಿಡಿ, ಯಾಕೆಂದರೆ ಬೆಳಗಿನ ಶಿಫ್ಟ್‌ನವರು ಬಂದು ಸಾಫ್ಟ್‌ವೇರ್ ರೀಸ್ಟಾರ್ಟ್ ಮಾಡಿಬಿಟ್ಟರೆ ಕೆಲವು ಕಡೆ ಹಳೆಯದು ಹೋಗೇ ಹೋಗುತ್ತೆ.

ಸಂಖ್ಯೆಯನ್ನೇ ಮೊದಲು ವಿಚಾರಿಸಿ

22 ಡಿಗ್ರಿ ರೂಮಿನಲ್ಲಿರುವ ಬ್ಯಾಟರಿ ಎರಡು ಸೆಕೆಂಡ್‌ನಲ್ಲಿ ಮೈನಸ್ 58ಕ್ಕೆ ಹೋಗಿ ವಾಪಸ್ ಬರುತ್ತಾ? ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಕೆಲವರು ಕೂಡಲೇ ಹೀಟರ್ ಆನ್ ಮಾಡಲು ಓಡುತ್ತಾರೆ. ಕಿಲೋಗಟ್ಟಲೆ ತೂಕದ ವಸ್ತು ಅಷ್ಟು ಬೇಗ ತಣ್ಣಗಾಗಲು ಸಾಧ್ಯವೇ ಇಲ್ಲ. ಅಂದರೆ ಬ್ಯಾಟರಿ ಚೆನ್ನಾಗಿದೆ, ಅಳೆಯುವ ದಾರಿಯಲ್ಲಿ ಎಲ್ಲೋ ಕೆಟ್ಟಿದೆ.

ಎಲ್ಲಿ ಅನ್ನುವುದಕ್ಕೂ ಆ ಸಂಖ್ಯೆಯಲ್ಲೇ ಸುಳಿವಿದೆ. ಬ್ಯಾಟರಿ ಮೇಲೆ ಸಾಮಾನ್ಯವಾಗಿ ಅಂಟಿಸುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತೆ, ತಣ್ಣಗಾದಂತೆ ಏರುತ್ತೆ. ವೈರ್ ಎಲ್ಲೋ ಬಿಟ್ಟುಹೋದರೆ ರೆಸಿಸ್ಟೆನ್ಸ್ ಲೆಕ್ಕಕ್ಕೆ ಸಿಗದಷ್ಟು ಏರಿ, ಪರದೆ ಮೇಲೆ ಅತಿ ಚಳಿ ಕಾಣುತ್ತೆ. ಎರಡು ವೈರ್ ಒಂದಕ್ಕೊಂದು ತಗುಲಿದರೆ ಅತಿ ಬಿಸಿ. ಪ್ಲಾಟಿನಮ್ ಸೆನ್ಸರ್ ಆದರೆ ಇದು ಪೂರ್ತಿ ಉಲ್ಟಾ: ವೈರ್ ಬಿಟ್ಟರೆ ಬಿಸಿ, ತಗುಲಿದರೆ ಚಳಿ. ಆದ್ದರಿಂದ ಯಾವ ಸೆನ್ಸರ್ ಅಂತ ಡ್ರಾಯಿಂಗ್ ನೋಡದೆ ವಾದಕ್ಕೆ ಇಳಿಯಬೇಡಿ, ನಾನು ಒಂದು ಸಲ ಇಳಿದು ಎಲ್ಲರ ಮುಂದೆ ಪೆಚ್ಚಾಗಿದ್ದೇನೆ. ನಮ್ಮದು ಥರ್ಮಿಸ್ಟರ್, ತೋರಿಸಿದ್ದು ಅತಿ ಚಳಿ. ಅಂದರೆ ಎಲ್ಲೋ ಒಂದು ಕಡೆ ಸಂಪರ್ಕ ಕ್ಷಣಕಾಲ ಬಿಡುತ್ತಿದೆ.

ಬೇರೆ ಥರದ ತಪ್ಪು ರೀಡಿಂಗ್‌ಗಳಿಗೂ ಒಂದೊಂದು ಮುಖ ಇದೆ. ನಿಖರವಾಗಿ 0 ಅಥವಾ 255 ಅಥವಾ 4095 ಬಂದು ಅಲ್ಲೇ ನಿಂತಿದ್ದರೆ ಅದು ಅಳತೆಯೇ ಅಲ್ಲ, 8 ಬಿಟ್ ಅಥವಾ 12 ಬಿಟ್ ಲೆಕ್ಕದ ತುದಿ ಅದು. ಕೊನೆಯ ಅಂಕಿ ಕೂಡ ಅಲುಗಾಡದೆ ಗಂಟೆಗಟ್ಟಲೆ ಒಂದೇ ಸಂಖ್ಯೆ ಬರುತ್ತಿದ್ದರೆ ಹೊಸ ಡೇಟಾ ಬರುತ್ತಲೇ ಇಲ್ಲ, ಹಳೆಯದನ್ನೇ ಪರದೆ ತೋರಿಸುತ್ತಿದೆ. ಇದು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಹಸಿರಾಗೇ ಇರುತ್ತೆ, ಯಾರೂ ನೋಡಲ್ಲ. ಒಂದೇ ಬಾಕ್ಸಿನ ಹತ್ತು ರೀಡಿಂಗ್ ಒಟ್ಟಿಗೆ ಕುಣಿದರೆ ಹತ್ತು ಸೆನ್ಸರ್ ಕೆಟ್ಟಿಲ್ಲ, ಅವುಗಳಿಗೆಲ್ಲ ಸಾಮಾನ್ಯವಾದ ಒಂದು ಪವರ್ ಲೈನೋ ಅರ್ತಿಂಗ್ ವೈರೋ ಕೆಟ್ಟಿದೆ. ಕ್ಲೀನ್‌ರೂಮ್ ಒಳಗೆ ರೇಡಿಯೋ ಸಿಗ್ನಲ್ ಮಟ್ಟ ಏರಿಳಿಯುತ್ತಿದ್ದರೆ ಮೊದಲು ಆಂಟೆನಾ ಮುಂದೆ ಓಡಾಡುವ ಬಿಳಿ ಕೋಟಿನ ಮನುಷ್ಯನನ್ನು ನಿಲ್ಲಿಸಿ ನೋಡಿ.

ವೋಲ್ಟೇಜ್ ವಿಷಯದಲ್ಲಿ ಹೊಸಬರು ಪದೇ ಪದೇ ಬೀಳುವ ಗುಂಡಿ ಒಂದಿದೆ. ನೆಲದ ಪವರ್ ಸಪ್ಲೈ ಒಂದು ಸಂಖ್ಯೆ ತೋರಿಸುತ್ತೆ, ಉಪಗ್ರಹ ತಾನೇ ಅಳೆದು ಕಳಿಸುವ ರೀಡಿಂಗ್ (ಟೆಲಿಮೆಟ್ರಿ) ಒಂದು ವೋಲ್ಟ್ ಕಡಿಮೆ ತೋರಿಸುತ್ತೆ, ಸರಿ, ಬ್ಯಾಟರಿ ಹೋಯಿತು ಅಂತ ಗಲಾಟೆ. ಉದ್ದದ ಕೇಬಲ್‌ನಲ್ಲಿ ಹೋಗಿ ಬರುವ ದಾರಿಗೆ ಸೇರಿ 0.2 ಓಮ್ ಇದ್ದು 5 ಆಂಪಿಯರ್ ಹರಿದರೆ ಅಲ್ಲೇ ಒಂದು ವೋಲ್ಟ್ ಖರ್ಚು. ಚಾರ್ಜ್ ನಿಲ್ಲಿಸಿ. ಎರಡೂ ಸಂಖ್ಯೆ ಹತ್ತಿರ ಬಂದರೆ ಅದು ಕೇಬಲ್ ಕತೆ, ಮನೆಗೆ ಹೋಗಿ ಮಲಗಿ.

ನೆಲದ್ದೋ, ಮೇಲೆ ಹೋಗುವುದೋ?

ಇಲ್ಲಿಂದ ದಾರಿ ಎರಡಾಗುತ್ತೆ. ದೋಷ ಇರುವುದು ನೆಲದಲ್ಲೇ ಉಳಿಯುವ ಸಾಮಾನಿನಲ್ಲಾ (ರ‍್ಯಾಕ್, ಕೇಬಲ್, ಕಂಪ್ಯೂಟರ್), ಅಥವಾ ರಾಕೆಟ್ ಜೊತೆ ಮೇಲೆ ಹೋಗುವುದರಲ್ಲಾ? ನೆಲದ್ದಾದರೆ ಕೇಬಲ್ ಬದಲಾಯಿಸಿ ಮುಂದೆ ಹೋಗಬಹುದು. ಉಪಗ್ರಹದ್ದಾದರೆ ಸಭೆಗಳು ಶುರು.

ನೆಲದ ಕಡೆಯನ್ನೇ ಮೊದಲು ಅನುಮಾನಿಸಿ. ಉಪಗ್ರಹದ ವೈರಿಂಗನ್ನು ಒಂದು ಸಲ ಕಟ್ಟಿ, ಅಲುಗಾಡದ ಹಾಗೆ ಬಿಗಿದು, ಅಲ್ಲಾಡಿಸಿ, ಬಿಸಿ ಮಾಡಿ, ತಣ್ಣಗೆ ಮಾಡಿ ಪರೀಕ್ಷೆ ಮಾಡಿರುತ್ತಾರೆ. ನೆಲದ ಕೇಬಲ್‌ಗೆ ಆ ಭಾಗ್ಯ ಇಲ್ಲ. ದಿನಾ ಸುತ್ತುತ್ತಾರೆ, ಬಿಚ್ಚುತ್ತಾರೆ, ತುಳಿಯುತ್ತಾರೆ, ಟ್ರಾಲಿ ಹತ್ತಿಸುತ್ತಾರೆ. ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು ಹೇಳುತ್ತಿದ್ದರು, "ಏನಪ್ಪಾ, ಮನೇಲಿ ಲೈಟ್ ಹತ್ತಲಿಲ್ಲ ಅಂದ್ರೆ ಮೊದಲು ಬಲ್ಬ್ ನೋಡ್ತೀಯೋ, ಗೋಡೆ ಒಡೀತೀಯೋ?"

ದೊಡ್ಡ ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಜೇಮ್ಸ್ ವೆಬ್ ದೂರದರ್ಶಕ 2021ರ ಡಿಸೆಂಬರ್ 22ಕ್ಕೆ ಹಾರಬೇಕಿತ್ತು. ಅದಕ್ಕೂ ನೆಲಕ್ಕೂ ನಡುವಿನ ಸಂಪರ್ಕದಲ್ಲಿ ಡೇಟಾ ನಡುನಡುವೆ ಬಿಟ್ಟುಹೋಗುತ್ತಿತ್ತು. ಅದನ್ನು ಬಿಡಿಸಿಕೊಂಡು, ಹವಾಮಾನಕ್ಕೂ ಒಂದು ದಿನ ಕೊಟ್ಟು, 25ಕ್ಕೆ ಹಾರಿತು. ನಮ್ಮದೇ ಗಗನಯಾನದ ಮೊದಲ ಪರೀಕ್ಷಾ ಹಾರಾಟ ಟಿವಿ-ಡಿ1, 2023ರ ಅಕ್ಟೋಬರ್ 21ರ ಬೆಳಿಗ್ಗೆ, ಇನ್ನು 5 ಸೆಕೆಂಡ್ ಇದೆ ಅನ್ನುವಾಗ ನಿಂತಿತು. ಎಲ್ಲೋ ಸರಿಯಿಲ್ಲ ಅಂತ ಕಂಡಿದ್ದು ನೆಲದ ಕಂಪ್ಯೂಟರ್‌ಗೆ. ಕಾರಣ ಹುಡುಕಿ, ಸರಿಪಡಿಸಿ, ಅದೇ ದಿನ 10 ಗಂಟೆಗೆ ಹಾರಿಸಿದರು. ಟಿವಿ ಮುಂದೆ ಕೂತ ನಮ್ಮ ತಾಯಿ "ಕೆಟ್ಟೋಯ್ತಾ?" ಅಂದರು. ಇಲ್ಲಮ್ಮಾ, ನಿಲ್ಲಬೇಕಾದಲ್ಲಿ ನಿಂತಿದೆ ಅಂದೆ.

ನೆಲವೋ ಉಪಗ್ರಹವೋ ಅಂತ ಬೇರ್ಪಡಿಸಲು ನನಗೆ ಇಷ್ಟದ ಉಪಾಯ ಒಂದೇ: ಅದೇ ಅಳತೆ ಇನ್ನೊಂದು ದಾರಿಯಲ್ಲಿ ಬರುತ್ತಾ ನೋಡಿ. ಬ್ಯಾಟರಿಯ ವೋಲ್ಟೇಜ್, ತಾಪಮಾನ ಎರಡು ದಾರಿಯಲ್ಲಿ ಬರುವ ಹಾಗೆ ಮಾಡಿರುವುದು ಸಾಮಾನ್ಯ. ಒಂದು, ಉಪಗ್ರಹದ ಕಂಪ್ಯೂಟರ್ ಮೂಲಕ ಟೆಲಿಮೆಟ್ರಿಯಲ್ಲಿ. ಇನ್ನೊಂದು, ಅಂಬಿಲಿಕಲ್ ಕೇಬಲ್‌ನಲ್ಲಿ ನೇರ ವೈರ್ ಆಗಿ ನೆಲಕ್ಕೆ. ಹೆಸರೇ ಹೇಳುವ ಹಾಗೆ ಹೊಕ್ಕುಳ ಬಳ್ಳಿ ಇದು, ರಾಕೆಟ್ ಮೇಲೇಳುವಾಗ ಕಳಚಿಕೊಳ್ಳುತ್ತೆ. ಉಪಗ್ರಹ ಆಫ್ ಆಗಿದ್ದಾಗಲೂ ಬ್ಯಾಟರಿ ಹೇಗಿದೆ ಅಂತ ಗೊತ್ತಾಗಲಿ ಅಂತ ಆ ನೇರ ವೈರ್. ಎರಡರಲ್ಲೂ ತಪ್ಪು ಬಂದರೆ ಅನುಮಾನ ಒಳಗಡೆಗೆ. ನೇರ ವೈರ್‌ನಲ್ಲಿ ಮಾತ್ರ ಬಂದರೆ ಕೇಬಲ್ ಕಡೆಗೆ.

ನಾವು ಲಾಗ್ ತೆಗೆದು ನೋಡಿದೆವು. ಪರದೆ ಮೇಲೆ ಕೆಂಪಾಗಿದ್ದು ನೇರ ವೈರ್. ಅದೇ ಎರಡು ಸೆಕೆಂಡ್‌ನಲ್ಲಿ ಟೆಲಿಮೆಟ್ರಿ 23ರಲ್ಲೇ ನೆಮ್ಮದಿಯಾಗಿ ಕೂತಿತ್ತು. ಇದನ್ನು ನೋಡುವಷ್ಟರಲ್ಲಿ ಒಬ್ಬರು ಬ್ಯಾಟರಿ ಬಾಕ್ಸ್ ಬಿಚ್ಚುವ ಪಟ್ಟಿ ಬರೆಯಲು ಶುರು ಮಾಡಿದ್ದರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಕನೆಕ್ಟರ್ ಬಿಚ್ಚಲೇಬೇಕು ಅಂದಾಗ

ಬಿಚ್ಚುವ ಮುಂಚೆ ಅಲುಗಾಡಿಸಿ ನೋಡಿ, ಆದರೆ ಲೆಕ್ಕದಲ್ಲಿ. ಒಬ್ಬರು ಪರದೆ ನೋಡಬೇಕು, ಒಬ್ಬರು ಕೇಬಲ್ ಹಿಡಿಯಬೇಕು, ರ‍್ಯಾಕ್ ಕಡೆಯಿಂದ ಶುರು ಮಾಡಿ ಒಂದೊಂದೇ ಅಡಿ ಉಪಗ್ರಹದ ಕಡೆ ಬರಬೇಕು. ಉಪಗ್ರಹದ ಒಳಗಿನ ವೈರಿಂಗನ್ನು ಹೀಗೆ ಅಲುಗಾಡಿಸುವ ಹಾಗಿಲ್ಲ. ನೆಲದ ಕೇಬಲ್ ಎಲ್ಲಿ ಮುಗಿಯುತ್ತೋ ಅಲ್ಲಿಗೆ ಕೈ ನಿಲ್ಲಿಸಿ.

ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಸ್ಟ್ರ‍್ಯಾಪ್ ಮಣಿಕಟ್ಟಿಗೆ ಹಾಕಿಕೊಳ್ಳಿ, ಹಾಕಿದ ಮೇಲೆ ಟೆಸ್ಟರ್‌ನಲ್ಲಿ ನೋಡಿ. ಕೈಯಿಂದ ಕಿಡಿ ಚುರುಕ್ ಅಂದಿದ್ದು ನಿಮಗೆ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಸೂಕ್ಷ್ಮವಾದ ಚಿಪ್ ಹಾಳಾಗಲು 100 ವೋಲ್ಟ್ ಸಾಕು. ಅಂದರೆ ನಿಮಗೆ ಗೊತ್ತೇ ಆಗದೆ ಕೊಂದಿರುತ್ತೀರಿ.

ಪೈರೋ ಲೈನ್‌ಗೆ ಮಾಮೂಲಿ ಮಲ್ಟಿಮೀಟರ್ ಹಚ್ಚಬೇಡಿ, ಯಾವ ಕಾರಣಕ್ಕೂ. ಸೋಲಾರ್ ಪ್ಯಾನೆಲ್ ಬಿಚ್ಚಿಕೊಳ್ಳಲು, ಉಪಗ್ರಹ ರಾಕೆಟ್‌ನಿಂದ ಬೇರೆಯಾಗಲು ಸಣ್ಣ ಸಿಡಿಮದ್ದು ಇಟ್ಟಿರುತ್ತಾರೆ, ಅದರೊಳಗೆ ಸುಮಾರು ಒಂದು ಓಮ್‌ನ ಎಳೆ. 1 ಆಂಪಿಯರ್, 1 ವ್ಯಾಟ್‌ನಲ್ಲಿ 5 ನಿಮಿಷ ಇಟ್ಟರೂ ಸಿಡಿಯಬಾರದು ಅನ್ನುವ ಹಾಗೆ ಮಾಡಿರುತ್ತಾರೆ ನಿಜ. ಆದರೂ ಅದಕ್ಕೆ ಅಂತಲೇ ಕರೆಂಟ್ ಮಿತಿ ಹಾಕಿದ ಬೇರೆ ಮೀಟರ್ ಇದೆ, ಅದನ್ನು ಉಪಯೋಗಿಸಲು ಬೇರೆ ಜನ ಇದ್ದಾರೆ, ಅವರನ್ನೇ ಕರೆಯಿರಿ.

ಪ್ರತಿ ಕನೆಕ್ಟರ್‌ಗೂ ಇಷ್ಟು ಸಲ ತೆಗೆದು ಹಾಕಬಹುದು ಅಂತ ಮಿತಿ ಇದೆ, ಅದಕ್ಕೇ ಒಂದು ಪುಸ್ತಕ ಇಟ್ಟಿರುತ್ತಾರೆ. ಉಪಗ್ರಹದ ಕನೆಕ್ಟರ್ ಸವೆಯದಿರಲಿ ಅಂತ ಅದಕ್ಕೂ ನೆಲದ ಕೇಬಲ್‌ಗೂ ನಡುವೆ ಒಂದು ಗಿಡ್ಡ ತುಂಡು ಹಾಕುತ್ತಾರೆ, ಕನೆಕ್ಟರ್ ಸೇವರ್ ಅಂತ. ದಿನಾ ತೆಗೆದು ಹಾಕುವುದು ಸೇವರ್‌ನ ನೆಲದ ಕಡೆ ತುದಿಯನ್ನ, ಉಪಗ್ರಹದ ಕಡೆ ತುದಿ ಹಾಗೇ ಇರುತ್ತೆ. ಒಂದೊಂದು ಪಿನ್ ಅಳೆಯಬೇಕಾದರೆ ಬ್ರೇಕ್‌ಔಟ್ ಬಾಕ್ಸ್ ಹಾಕಿ, ಪ್ರತಿ ಪಿನ್ನನ್ನೂ ಹೊರಗೆ ತಂದು ಅಳೆಯಲು ಕೊಡುವ ಡಬ್ಬಿ ಅದು. ಮಲ್ಟಿಮೀಟರ್‌ನ ಕಡ್ಡಿಯನ್ನು ನೇರವಾಗಿ ಹೆಣ್ಣು ಪಿನ್ನಿನ ತೂತಿಗೆ ತುರುಕಬೇಡಿ. ಆ ತೂತು ಸೂಕ್ಷ್ಮ ಸ್ಪ್ರಿಂಗ್ ಥರ, ದಪ್ಪ ಕಡ್ಡಿ ಹೋದರೆ ಅಗಲವಾಗಿ ನಿಲ್ಲುತ್ತೆ, ಆಮೇಲೆ ಗಂಡು ಪಿನ್ ಅದರಲ್ಲಿ ಸಡಿಲವಾಗಿ ಆಡುತ್ತೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ, ಕೆಳಗೆ ಬರುತ್ತೆ.

ತಾನಾಗೇ ಸರಿಹೋದ ದೋಷ

ಇದರಷ್ಟು ಕಾಟ ಕೊಡುವುದು ಇನ್ನೊಂದಿಲ್ಲ. ನಾವು ಕೇಬಲ್ ಅಲುಗಾಡಿಸಲು ಶುರು ಮಾಡುವ ಮುಂಚೆಯೇ, ಬೆಳಗಿನ ಶಿಫ್ಟ್‌ನಲ್ಲಿ ಯಾರೋ ಅಂಬಿಲಿಕಲ್ ಕೇಬಲ್ಲನ್ನು ಸೇವರ್‌ನಿಂದ ತೆಗೆದು ಮತ್ತೆ ಹಾಕಿದ್ದರು. ಅಲ್ಲಿಂದ ಇಡೀ ದಿನ ರೀಡಿಂಗ್ 23. ಎಲ್ಲರಿಗೂ ಖುಷಿ. "ಸರಿಹೋಯ್ತಲ್ಲ, ಪ್ಯಾಕ್ ಮಾಡೋಣ." ಕ್ಯಾಲೆಂಡರ್ ನೋಡಿದರೆ ನನಗೂ ಹಾಗೇ ಅನ್ನಿಸಿತು. ಸರಿಹೋಗಿಲ್ಲ, ಅಡಗಿಕೊಂಡಿದೆ ಅಂದಿದ್ದು ಅದೇ ಟೆಕ್ನಿಷಿಯನ್.

ಹೀಗಾದಾಗ ದೋಷವನ್ನು ವಾಪಸ್ ಕರೆಸಬೇಕು, ಅಂದರೆ ಅದು ಬಂದಾಗ ಇದ್ದ ಪರಿಸ್ಥಿತಿಯನ್ನೇ ಮತ್ತೆ ಮಾಡಬೇಕು. ಇಲ್ಲಿ ಆ ಮೊದಲ ಹತ್ತು ನಿಮಿಷದ ಚೀಟಿ ಬಂತು. ಮೂರು ಸಲ ಕೆಂಪಾಗಿತ್ತು, ಮೂರು ಸಲವೂ ಒಬ್ಬ ಹುಡುಗ ಟೇಬಲ್‌ನ ಎಡತುದಿಯಲ್ಲಿ ಕೂತಿದ್ದ. ಕೇಬಲ್ ಹೋಗುತ್ತಿದ್ದುದೂ ಅಲ್ಲೇ, ಟೇಬಲ್ ಕಾಲಿಗೆ ಕಟ್ಟಿದ್ದೆವು. ಅವನಿಗೆ ಕಾಲು ಕುಣಿಸುವ ಅಭ್ಯಾಸ. ಅವನನ್ನೇ ಕೂರಿಸಿ, "ಏನೂ ಯೋಚಿಸಬೇಡ, ಎಂದಿನ ಹಾಗೆ ಕೂತ್ಕೋ" ಅಂದೆವು. ಪಾಪ, ನೋಡುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಕಾಲು ಅಲುಗಲೇ ಇಲ್ಲ. ಎರಡನೇ ರಾತ್ರಿ ಎರಡು ಗಂಟೆ ಹೊತ್ತಿಗೆ ಮೈಮರೆತು ಕುಣಿಸಿದ. ಮೈನಸ್ 58.

ಅಲ್ಲಿಂದ ಅರ್ಧ ಗಂಟೆಯ ಕೆಲಸ. ಕೇಬಲ್ ಬದಲಾಯಿಸಿದರೂ ಬಂತು, ಸೇವರ್ ಬದಲಾಯಿಸಿದಾಗ ಹೋಯಿತು. ಹಳೆಯ ಸೇವರ್ ಮತ್ತೆ ಹಾಕಿದಾಗ ಮತ್ತೆ ಬಂತು. ಈ ಮೂರನೇ ಹೆಜ್ಜೆಯನ್ನು ಬಿಡಬೇಡಿ. ಬದಲಾಯಿಸಿದಾಗ ಹೋದರೆ ಸಾಲದು, ಕೆಟ್ಟದ್ದನ್ನು ವಾಪಸ್ ಹಾಕಿದಾಗ ದೋಷವೂ ವಾಪಸ್ ಬರಬೇಕು. ಆಗ ಮಾತ್ರ ಕಳ್ಳ ಸಿಕ್ಕ ಹಾಗೆ. ಸೇವರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದು ತೂತು ಪಕ್ಕದವುಗಳಿಗಿಂತ ಅಗಲ. ಪುಸ್ತಕ ತಿರುಗಿಸಿದರೆ ಮೂರು ವಾರದ ಹಿಂದೆ ಅದೇ ಪಿನ್ನನ್ನು ಮೀಟರ್‌ನಲ್ಲಿ ಅಳೆದ ದಾಖಲೆ. ಅಕ್ಷರ ನನ್ನದೇ. ಬ್ರೇಕ್‌ಔಟ್ ಬಾಕ್ಸ್ ತರಲು ಪಕ್ಕದ ರೂಮಿಗೆ ಹೋಗಬೇಕಿತ್ತು, ಕೋಟು ಟೋಪಿ ಎಲ್ಲ ಬಿಚ್ಚಿ ಮತ್ತೆ ಹಾಕಿಕೊಳ್ಳಬೇಕಿತ್ತು, ಸೋಮಾರಿತನ, ಅಷ್ಟೇ.

ನಿಜವಾಗಿಯೂ ಮೇಲೆ ಹೋಗುವುದರಲ್ಲೇ ದೋಷ ಇದ್ದರೆ

ಆಗ ಪ್ರಶ್ನೆ ಬೇರೆ. ಹಾಗೇ ಹಾರಿಸಬಹುದಾ, ಇದ್ದಲ್ಲೇ ಸರಿಮಾಡಬಹುದಾ, ಅಥವಾ ಬಿಚ್ಚಬೇಕಾ? ಬಹಳಷ್ಟು ಬಾಕ್ಸ್‌ಗಳಿಗೆ ಜೋಡಿ ಇರುತ್ತೆ. ಒಂದು ಕೆಟ್ಟರೆ ಇನ್ನೊಂದಿದೆಯಲ್ಲ ಅಂತ ಯಾರಾದರೂ ಒಬ್ಬರು ಸಭೆಯಲ್ಲಿ ಹೇಳೇ ಹೇಳುತ್ತಾರೆ. ಆದರೆ ಆ ಜೋಡಿ ಇಟ್ಟಿದ್ದು ಮೇಲೆ ಹೋದ ಮೇಲೆ ಕೆಟ್ಟರೆ ಇರಲಿ ಅಂತ, ನೆಲದ ಮೇಲೇ ಖರ್ಚು ಮಾಡಲು ಅಲ್ಲ. 2015ರ ಮಾರ್ಚ್‌ನಲ್ಲಿ ಐಆರ್‌ಎನ್‌ಎಸ್‌ಎಸ್-1ಡಿ ಉಪಗ್ರಹದ ಒಂದು ಟೆಲಿಮೆಟ್ರಿ ಟ್ರಾನ್ಸ್‌ಮಿಟರ್ ಸರಿಯಿಲ್ಲ ಅಂತ ಕಂಡಾಗ ಇಸ್ರೋ ಉಡಾವಣೆಯನ್ನೇ ಮುಂದೂಡಿತು. 9ಕ್ಕೆ ಹೋಗಬೇಕಾದ್ದು 28ಕ್ಕೆ ಹೋಯಿತು.

ಎಷ್ಟು ದಿನ ಹಿಡಿಯುತ್ತೆ ಅನ್ನುವುದು ದೋಷದ ಗಾತ್ರ ನೋಡಿ ಅಲ್ಲ, ಅದು ಎಷ್ಟು ಒಳಗಿದೆ ಅನ್ನುವುದರ ಮೇಲೆ. ಯುರೋಪಿನ ಪ್ರೋಬಾ-3 ಜೋಡಿ ಉಪಗ್ರಹ 2024ರ ಡಿಸೆಂಬರ್ 4ರಂದು ಪಿಎಸ್‌ಎಲ್‌ವಿ ಮೇಲೆ ಕೂತಿದ್ದಾಗ ಅದರ ನೂಕುವ ವ್ಯವಸ್ಥೆಯಲ್ಲಿ ತೊಂದರೆ ಕಂಡಿತು. ಮರುದಿನವೇ ಹಾರಿತು. ಚಂದ್ರಯಾನ-2ನ್ನು 2019ರ ಜುಲೈ 15ರ ನಡುರಾತ್ರಿ ದಾಟಿದ ಮೇಲೆ, 56 ನಿಮಿಷ 24 ಸೆಕೆಂಡ್ ಉಳಿದಿರುವಾಗ ನಿಲ್ಲಿಸಿದರು. ಒಂದು ವಾರದಲ್ಲಿ, 22ರಂದು, ಹೋಯಿತು. ಆದರೆ ಜಿಎಸ್‌ಎಲ್‌ವಿ-ಡಿ5 ರಾಕೆಟ್ ನೋಡಿ. 2013ರ ಆಗಸ್ಟ್ 19ರಂದು ಎರಡನೇ ಹಂತದಿಂದ ಇಂಧನ ಸೋರುತ್ತಿದೆ ಅಂತ 74 ನಿಮಿಷ ಇರುವಾಗ ಗೊತ್ತಾಯಿತು. ಟ್ಯಾಂಕಿನ ಅಲ್ಯೂಮಿನಿಯಂ ಮಿಶ್ರಲೋಹದಲ್ಲೇ ಬಿರುಕು. ಇಂಧನ ಖಾಲಿ ಮಾಡಿ, ರಾಕೆಟ್ ವಾಪಸ್ ತಂದು, ಬೇರೆ ಮಿಶ್ರಲೋಹದ ಟ್ಯಾಂಕಿರುವ ಹೊಸ ಹಂತ ಕೂರಿಸಿ ಹಾರಿಸಿದ್ದು 2014ರ ಜನವರಿ 5ಕ್ಕೆ. ನಾಲ್ಕೂವರೆ ತಿಂಗಳು.

ದೋಷ ನಿಮ್ಮ ಉಪಗ್ರಹದಲ್ಲಿ ಕಂಡೇ ಇರಬೇಕು ಅಂತಲೂ ಇಲ್ಲ. 2018ರ ಮಾರ್ಚ್ 29ರಂದು ಹೋದ ಇಸ್ರೋದ ಜಿಸ್ಯಾಟ್-6ಎ ಉಪಗ್ರಹ ಕೆಲವೇ ದಿನದಲ್ಲಿ ಮಾತು ನಿಲ್ಲಿಸಿತು. ಆಗ ಇಸ್ರೋದ್ದೇ ಜಿಸ್ಯಾಟ್-11 ಫ್ರೆಂಚ್ ಗಯಾನಾದ ಕೌರು ತಲುಪಿ ಉಡಾವಣೆಗೆ ಕಾಯುತ್ತಿತ್ತು. 5,854 ಕಿಲೋ ತೂಕದ ಆ ಉಪಗ್ರಹವನ್ನು ಇನ್ನೊಮ್ಮೆ ಪರೀಕ್ಷೆ ಮಾಡಬೇಕು ಅಂತ ಸಮುದ್ರ ದಾಟಿಸಿ ಬೆಂಗಳೂರಿಗೆ ವಾಪಸ್ ತಂದರು. ಆ ಫೈಲಿಗೆ ಸಹಿ ಹಾಕಿದವರ ಎದೆಗಾರಿಕೆ ನನಗೆ ಇವತ್ತಿಗೂ ಇಷ್ಟ. 2018ರ ಡಿಸೆಂಬರ್ 5ರಂದು ಹಾರಿತು.

ಸರಿಮಾಡಿದ ಮೇಲೆ

ಯಾವ ಭಾಗವನ್ನು ಬಿಚ್ಚಿದಿರೋ ಆ ಭಾಗದ ಹಳೆಯ ಪರೀಕ್ಷೆಗಳೆಲ್ಲ ರದ್ದಾದವು ಅಂದುಕೊಳ್ಳಿ, ಮತ್ತೆ ಮಾಡಿ. ಕಣ್ಣಲ್ಲಿ ನೋಡಿ ಸರಿಯಿದೆ ಅನ್ನುವುದು ಪರೀಕ್ಷೆ ಅಲ್ಲ. ನಾಸಾದ ಜೆನೆಸಿಸ್ ನೌಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸೌರ ಮಾರುತದ ಕಣ ಹಿಡಿದುಕೊಂಡು 2004ರ ಸೆಪ್ಟೆಂಬರ್ 8ರಂದು ವಾಪಸ್ ಬಂದಾಗ ಪ್ಯಾರಾಶೂಟ್ ಬಿಚ್ಚಲೇ ಇಲ್ಲ, ಯೂಟಾ ಮರುಭೂಮಿಗೆ ಅಪ್ಪಳಿಸಿತು. ವೇಗ ಇಳಿಯುವುದನ್ನು ಗುರುತಿಸಬೇಕಾದ ಪುಟ್ಟ ಸ್ವಿಚ್‌ಗಳನ್ನು ಡ್ರಾಯಿಂಗ್‌ನಲ್ಲೇ ಉಲ್ಟಾ ತೋರಿಸಿದ್ದರು. ಡ್ರಾಯಿಂಗ್ ಪ್ರಕಾರ ಸರಿಯಾಗೇ ಕೂರಿಸಿದ್ದರು ಪಾಪ. ತಿರುಗಿಸಿ ನೋಡುವ ಒಂದು ಪರೀಕ್ಷೆಯಲ್ಲಿ ಗೊತ್ತಾಗುತ್ತಿತ್ತು, ಅದನ್ನು ಬಿಟ್ಟಿದ್ದರು.

ಕಾಗದದ ಕೆಲಸವನ್ನೂ ಮರುದಿನಕ್ಕೆ ಇಡಬೇಡಿ. 2003ರ ಸೆಪ್ಟೆಂಬರ್ 6ರಂದು ಕ್ಯಾಲಿಫೋರ್ನಿಯಾದಲ್ಲಿ ನೋವಾ-ಎನ್ ಪ್ರೈಮ್ ಅನ್ನುವ ಹವಾಮಾನ ಉಪಗ್ರಹವನ್ನು ತಿರುಗಿಸುವಾಗ ಅದು ಗಾಡಿಯಿಂದ ಜಾರಿ ನೆಲಕ್ಕೆ ಬಿತ್ತು. ಗಾಡಿಯ ಮೇಲಿನ ತಟ್ಟೆಯ 24 ಬೋಲ್ಟ್‌ಗಳನ್ನು ಬೇರೆ ಯಾರೋ ಬಿಚ್ಚಿದ್ದರು, ಬರೆದಿಡಲಿಲ್ಲ. ಇವರೂ ನೋಡಲಿಲ್ಲ.

ನಮ್ಮ ಕೇಸ್ ಮುಚ್ಚುವಾಗ ಹೊಸ ಸೇವರ್ ಹಾಕಿದೆವು. ಸೇವರ್‌ಗೆ ಕೂಡುವ ಉಪಗ್ರಹದ ಕಡೆಯ ಪಿನ್‌ಗಳನ್ನು ಒಂದೊಂದಾಗಿ ನೋಡಿ ಫೋಟೋ ತೆಗೆದೆವು, ಎರಡು ದಾರಿಯ ರೀಡಿಂಗನ್ನೂ ಒಂದು ಇಡೀ ರಾತ್ರಿ ಅಕ್ಕಪಕ್ಕ ಇಟ್ಟು ದಾಖಲಿಸಿದೆವು. ಕಾಲು ಕುಣಿಸುವ ಹುಡುಗನನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದ್ದೆವು, ಈ ಸಲ ಕುಣಿಸಲೇಬೇಕು ಅಂತ ಹೇಳಿ. ಹಳೆಯ ಸೇವರ್‌ಗೆ ಕೆಂಪು ಚೀಟಿ ಕಟ್ಟಿ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆವು, ಇನ್ನೊಬ್ಬರು ಚೆನ್ನಾಗಿದೆ ಅಂತ ತೆಗೆದುಕೊಂಡು ಹೋಗಬಾರದಲ್ಲ. ಕೊನೆಗೆ ರೂಮಿನೊಳಗೆ ತಂದ ಸ್ಪ್ಯಾನರ್, ಮುಚ್ಚಳ, ಸ್ಕ್ರೂ ಎಲ್ಲ ಎಣಿಸಿದೆವು. ಒಂದು ಧೂಳು ಮುಚ್ಚಳ ಕಡಿಮೆ ಬಂತು. ಬೆಳಗಿನ ಜಾವ ನಾಲ್ಕೂವರೆಗೆ ಅದು ನನ್ನ ಕೋಟಿನ ಜೇಬಿನಲ್ಲೇ ಸಿಕ್ಕಿತು.